ಬೇಸಿಗೆಯಲ್ಲಿ ಕೋಳಿಮೊಟ್ಟೆಯ ಚಿಪ್ಪು ತೆಳುವಾಗುವುದೇಕೆ?

ಕೋಳಿ ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ಕಾರಣ. ಅದಕ್ಕೆ ಬೆವರುಗ್ರಂಥಿಗಳಿಲ್ಲ. ಶೆಡ್ಡಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಬಾಯಿ, ಗಂಟಲಿನ ತೇವ ಆರಿಸಿಯೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಏದುವಾಗ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್; ಅದನ್ನು ಕಟ್ಟಲು ಬೇಕಾದ ಬೈಕಾರ್ಬೊನೇಟ್ ಆಗ ರಕ್ತದಲ್ಲಿ ಕಡಿಮೆಯಾಗುತ್ತದೆ, ಬಳಕೆಗೆ ಸಿಗುವ ಬಿಡಿ ಕ್ಯಾಲ್ಸಿಯಂ ಕೂಡ. ಸೆಕೆಗೆ ಕೋಳಿ ಮೇವನ್ನೂ ಕಡಿಮೆ ತಿನ್ನುವುದರಿಂದ ಕೊರತೆ ಇನ್ನಷ್ಟು.

ಆದ್ದರಿಂದ ಸುಣ್ಣಕಲ್ಲಿನ ಪುಡಿ ಹೆಚ್ಚಿಸಿದರಷ್ಟೇ ಸಾಲದು, ಏದುಸಿರು ನಿಲ್ಲಬೇಕು: ನೆರಳು, ಫ್ಯಾನ್ ಗಾಳಿ, ದಿನವಿಡೀ ತಣ್ಣೀರು. ಚಿಪ್ಪು ಹೆಚ್ಚಾಗಿ ಕಟ್ಟುವುದು ರಾತ್ರಿ. ದಪ್ಪ ಕಪ್ಪೆಚಿಪ್ಪಿನ ಚೂರನ್ನು ಸಂಜೆ ಕೊಡಿ. ಅದು ನಿಧಾನವಾಗಿ ಕರಗಿ ರಾತ್ರಿಯಿಡೀ ಕ್ಯಾಲ್ಸಿಯಂ ಒದಗಿಸುತ್ತದೆ.