ಎದ್ದು ಹೋಗಿ ನೋಡುವ ಕೆಲಸ, ಕೂತಲ್ಲೇ ಮುಗಿಯುವ ಕೆಲಸ

ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಸಾರ ಇಷ್ಟು: “ಮನೆಯಲ್ಲೇ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರ್ತೇನೆ. ಮೊದಲು ತಿಂಗಳಿಗೆ 60 ಆರ್ಡರ್ ಇತ್ತು, ಈಗ 400. ಕೈಕೆಲಸಕ್ಕೆ ಊರಿನ ನಾಲ್ವರು ಹೆಂಗಸರಿದ್ದಾರೆ. ಆದರೆ ವಾಟ್ಸಾಪ್‌ಗೆ ಉತ್ತರ, ದುಡ್ಡು ಬಂತಾ ನೋಡೋದು, ಕೊರಿಯರ್ ಚೀಟಿ, ಲೆಕ್ಕ ಎಲ್ಲಾ ನಾನೇ. ರಾತ್ರಿ 11 ಆಗ್ತದೆ. ಬೆಂಗಳೂರಿನ ಒಬ್ಬ ಹುಡುಗಿ ಮನೆಯಿಂದಲೇ ದಿನಕ್ಕೆ 4 ಗಂಟೆ ಮಾಡಿಕೊಡ್ತೇನೆ, 12,000 ಕೊಡಿ ಅಂತಾಳೆ. ಇಲ್ಲೇ ಪಕ್ಕದೂರಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೂ ಇದ್ದಾಳೆ. ಪೂರಾ ದಿನ ಬರ್ತಾಳೆ, 18,000 ಕೇಳ್ತಾಳೆ. ಯಾರನ್ನು ಇಟ್ಟುಕೊಳ್ಳಲಿ ತಮ್ಮಾ?”

ಅಕ್ಕಾ, ನೀವು ತಮ್ಮ ಅಂದಿದ್ದೀರಿ, ಹಾಗಾಗಿ ಸಲುಗೆಯಿಂದಲೇ ಹೇಳುತ್ತೇನೆ. ಯಾರು ಅಂತ ಆಮೇಲೆ ನೋಡೋಣ. ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹದಿನೈದು ದಿನ, ಬಂದ ಪ್ರತಿ ಮೆಸೇಜಿಗೂ ಒಂದು ಗೀಟು ಹಾಕಿ. ಕೂತಲ್ಲೇ ಉತ್ತರ ಕೊಟ್ಟಿರಾ? ಎಡಗಡೆ. ಎದ್ದು ಹೋಗಿ ಭರಣಿ ನೋಡಿ, ಇಲ್ಲಾ ಹೆಂಗಸರನ್ನು ಕೇಳಿ ಬಂದು ಹೇಳಿದಿರಾ? ಬಲಗಡೆ. ಎಡಗಡೆಯದ್ದನ್ನು ಬೆಂಗಳೂರಿನಲ್ಲಿ ಕೂತವರೂ ಮಾಡಬಹುದು. ಬಲಗಡೆಯದ್ದು ನಿಮ್ಮ ಅಂಗಳ ಬಿಟ್ಟು ಹೋಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. “ಮಿಡಿ ಎಲ್ಲಾ ಸುಕ್ಕಾಗಿದೆ, ಹಳೇ ಮಾಲು ಕಳಿಸಿದ್ದೀರಾ” ಅಂತ ಹೊಸ ಗಿರಾಕಿ ಫೋಟೋ ಕಳಿಸುತ್ತಾರೆ. ಉಪ್ಪಿಗೆ ಬಿದ್ದ ಮಿಡಿ ಚಿರುಟಿಕೊಳ್ಳುವುದೇ ಸರಿ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ದೂರದಲ್ಲಿರುವ ಹುಡುಗಿ ಉಪ್ಪಿನಕಾಯಿ ಅಂದರೆ ಎಣ್ಣೆಯಲ್ಲಿ ತೇಲುವ ಮಾವಿನ ಹೋಳು ಅಂದುಕೊಂಡಿದ್ದರೆ, ಪಾಪ, ಕ್ಷಮೆ ಕೇಳಿ ದುಡ್ಡು ವಾಪಸ್ ಕೊಟ್ಟುಬಿಡುತ್ತಾಳೆ. ತಪ್ಪು ಅವಳದ್ದಲ್ಲ. ಜೀರಿಗೆ ಮಿಡಿಗೂ ಮಾಮೂಲಿ ಮಿಡಿಗೂ ಏನು ವ್ಯತ್ಯಾಸ ಅಂತ ಯಾರೂ ಅವಳಿಗೆ ಮೂಸಲು ಕೊಟ್ಟಿಲ್ಲವಲ್ಲ.

ಹಾಗಂತ ದೂರದವರು ಬೇಡ ಅನ್ನುತ್ತಿಲ್ಲ. ದೂರದಲ್ಲಿ ಒಬ್ಬರು ಕೂತು ನಮ್ಮ ಲೆಕ್ಕ ಬರೆಯುವುದು ಮಲೆನಾಡಿಗೆ ಹೊಸದೇನೂ ಅಲ್ಲ. ನಮ್ಮ ಅಜ್ಜಂದಿರು ಅಡಿಕೆ ಮೂಟೆ ಗಾಡಿಗೆ ಹಾಕಿ ಶಿವಮೊಗ್ಗಕ್ಕೋ ಸಾಗರಕ್ಕೋ ಕಳಿಸುತ್ತಿದ್ದರು. ಮಂಡಿಯ ಗುಮಾಸ್ತ ಕಿರ್ದಿ ಬರೆಯುತ್ತಿದ್ದ, ತೋಟದವರು ವರ್ಷಕ್ಕೆ ಒಂದೆರಡು ಸಲ ಹೋಗಿ ಲೆಕ್ಕ ನೋಡಿ ಬರುತ್ತಿದ್ದರು. ನಂಬಿಕೆ ಇತ್ತು, ಸರಿ. ಆದರೆ ತೂಕ, ದರ ತಮ್ಮ ಕಣ್ಣೆದುರೇ ಆಗಲಿ ಅನ್ನಿಸಿದ್ದೂ ಇದೆ. 1939ರಲ್ಲಿ ಬೆಳೆಗಾರರೇ ಸೇರಿ ಅಡಿಕೆ ಮಾರಾಟಕ್ಕೆ ಮಾಮ್‌ಕೋಸ್ ಅನ್ನುವ ಸಹಕಾರ ಸಂಘ ಕಟ್ಟಿಕೊಂಡರಲ್ಲ, ಸುಮ್ನೆ ಕಟ್ಟಿಕೊಂಡಿದ್ದಲ್ಲ.

ಈಗ ದುಡ್ಡಿನ ವಿಷಯ. 12,000 ಕಡಿಮೆ ಅಂತ ನಿಮಗೆ ಅನ್ನಿಸಿದೆ. ಲೆಕ್ಕ ಹಾಕಿ. ತಿಂಗಳಿಗೆ 26 ದಿನ, ದಿನಕ್ಕೆ 4 ಗಂಟೆ ಅಂದರೆ 104 ಗಂಟೆ. ಗಂಟೆಗೆ ಸುಮಾರು 115 ರೂಪಾಯಿ ಬಿತ್ತು. ಊರಿನ ಹುಡುಗಿ 208 ಗಂಟೆ ಕೊಡುತ್ತಾಳೆ, ಗಂಟೆಗೆ 87 ರೂಪಾಯಿಯೂ ಆಗುವುದಿಲ್ಲ. ಆದರೆ ಅವಳಿಗೆ ಕುರ್ಚಿ, ಕಂಪ್ಯೂಟರ್, ಇನ್ವರ್ಟರ್, ಮಧ್ಯಾಹ್ನದ ಊಟ ಸೇರಿಸಿ. ನಿಮ್ಮಲ್ಲಿ ಇರುವುದೇ ದಿನಕ್ಕೆ 4 ಗಂಟೆಯ ಕೆಲಸವಾದರೆ ಮಿಕ್ಕ 4 ಗಂಟೆಯ ಸಂಬಳ ದಂಡ. ಖಾಲಿ ಕೂತಿದ್ದಾಳಲ್ಲ ಅಂತ ಮಿಡಿ ತೊಳೆಯಲು ಕಳಿಸುತ್ತೀರಿ. ಬಿ.ಕಾಂ. ಓದಿದವಳು ಎರಡು ತಿಂಗಳು ತೊಳೆಯುತ್ತಾಳೆ, ಮೂರನೇ ತಿಂಗಳು ಬ್ಯಾಂಕ್ ಪರೀಕ್ಷೆ ಅಂತ ಹೊರಡುತ್ತಾಳೆ. ಪ್ಯಾಕಿಂಗ್ ನೋಡಬೇಕು, ಲೇಬಲ್ ಅಂಟಿಸಬೇಕು ಅಂತಿದ್ದರೆ ಸೇರುವ ದಿನವೇ ಹೇಳಿಬಿಡಿ.

ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ವಿಮೆ) ಬಗ್ಗೆ ಹೆದರಿಕೆ ಅಂತಲೂ ಬರೆದಿದ್ದೀರಿ. ಇಎಸ್‌ಐ ಬರುವುದು 10 ಜನ ಕೆಲಸಗಾರರಾದಾಗ, ಪಿಎಫ್ 20 ಜನರಾದಾಗ. ಈ ಹುಡುಗಿ ಸೇರಿದರೂ ನಿಮ್ಮಲ್ಲಿ ಐವರು. ಆದರೆ ಕನಿಷ್ಠ ವೇತನಕ್ಕೆ ತಲೆ ಎಣಿಕೆ ಇಲ್ಲ, ಒಬ್ಬರಿದ್ದರೂ ಕೊಡಬೇಕು. ಅದರಲ್ಲಿ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಸಂಬಳ ಮಾತಾಡುವ ಮೊದಲು ಸರ್ಕಾರದ ಕನಿಷ್ಠ ವೇತನದ ಪಟ್ಟಿ ನೋಡಿ. ಕೈಕೆಲಸದ ನಾಲ್ವರ ಕೂಲಿಯನ್ನೂ ಅದರ ಪಕ್ಕ ಇಟ್ಟು ನೋಡಿ, ಬೇಜಾರು ಮಾಡಿಕೊಳ್ಳಬೇಡಿ.

ಮಳೆಗಾಲಕ್ಕೆ ಮಾತ್ರ ದೂರದವಳೇ ವಾಸಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆ ನಿಮ್ಮ ತಾಲ್ಲೂಕಿನಲ್ಲೇ ಇದೆ. ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಟವರಿನ ಬ್ಯಾಟರಿಯೂ ಮುಗಿದು ಸಿಗ್ನಲ್ ಇಲ್ಲ. ಆಗ ಊರಿನ ಹುಡುಗಿಯೂ ನೀವೂ ಒಟ್ಟಿಗೆ ಕತ್ತಲಲ್ಲಿ ಕೂತಿರುತ್ತೀರಿ. ಬೆಂಗಳೂರಿನವಳು “ಇಲ್ಲಿ ವಿಪರೀತ ಮಳೆ, ಪಾರ್ಸೆಲ್ ಎರಡು ದಿನ ತಡ” ಅಂತಲಾದರೂ ಹೇಳುತ್ತಾಳೆ. ಅದಕ್ಕೆ ದಿನಾ ಸಂಜೆ ಎಷ್ಟು ಬಾಟಲಿ ಉಳಿದಿದೆ ಅಂತ ಅವಳಿಗೆ ಒಂದು ಸಾಲು ಹೋಗಿರಬೇಕು, ಅಷ್ಟೇ.

ನಮ್ಮ ಕಚೇರಿಯದ್ದೇ ಒಂದು ಪೆಟ್ಟು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಚಂದಾದಾರರ ಪಟ್ಟಿ ನೋಡಿಕೊಳ್ಳಲು ದೂರದ ಊರಿನ ಒಬ್ಬರನ್ನು ಇಟ್ಟಿದ್ದೆವು. ಒಳ್ಳೆಯ ಕೆಲಸಗಾರ. ಪಟ್ಟಿ ಇದ್ದದ್ದು ಅವರೇ ತೆರೆದ ಮೇಲ್‌ನಲ್ಲಿ, ಅವರದೇ ನಂಬರಿನ ಮೇಲೆ. ಬೇರೆ ಕೆಲಸ ಸಿಕ್ಕಿತು, ಹೋದರು, ನಂಬರೂ ಬದಲಾಯಿತು. ಆ ತಿಂಗಳ ಸಂಚಿಕೆ ಕಳಿಸಲು ಹಳೇ ರಸೀದಿ ಪುಸ್ತಕ ಹರಡಿಕೊಂಡು ಎಂಟು ದಿನ ಕೂತೆವು. ಮೋಸ ಅಲ್ಲ, ನಮ್ಮದೇ ಉದಾಸೀನ.

ಹಾಗಾಗಿ ಯಾರನ್ನೇ ಇಟ್ಟುಕೊಳ್ಳಿ, ವ್ಯಾಪಾರದ ಸಿಮ್ ನಿಮ್ಮ ಫೋನಿನಲ್ಲೇ ಇರಲಿ. ಅದೇ ವಾಟ್ಸಾಪ್‌ಗೆ ಇನ್ನೂ 4 ಕಡೆ ಜೋಡಣೆ ಕೊಡಬಹುದು. ಕೆಲಸ ಬಿಟ್ಟ ದಿನ ಜೋಡಣೆ ತೆಗೆದರೆ ಮುಗಿಯಿತು. ನಿಮ್ಮ ಫೋನನ್ನು 14 ದಿನ ಮುಟ್ಟದಿದ್ದರೆ ಅವೆಲ್ಲ ತಾವೇ ಕಳಚಿಕೊಳ್ಳುತ್ತವೆ, ನೆನಪಿರಲಿ. ಗಿರಾಕಿಗಳ ವಿಳಾಸ ಬೇರೆಯವರ ಕೈಲಿದ್ದರೂ ಜವಾಬ್ದಾರಿ ನಿಮ್ಮದೇ. 2023ರಲ್ಲಿ ಬಂದ ಖಾಸಗಿ ಮಾಹಿತಿ ರಕ್ಷಣೆಯ ಕಾಯ್ದೆ ಹೇಳುವುದೂ ಅದನ್ನೇ. ಇನ್ನು ದುಡ್ಡು ಬಂತಾ ನೋಡುವ ಕೆಲಸವನ್ನು ಮಾತ್ರ ಸದ್ಯಕ್ಕೆ ಯಾರಿಗೂ ಬಿಟ್ಟುಕೊಡಬೇಡಿ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಿ ಕೈಸುಟ್ಟುಕೊಂಡವರು ನಮ್ಮ ಪೇಟೆಯಲ್ಲೇ ಇದ್ದಾರೆ. ಬ್ಯಾಂಕ್ ಖಾತೆಯಲ್ಲಿ ಕಂಡರೆ ಮಾತ್ರ ಬಂತು ಅಂತ. ಯುಪಿಐ ಪಿನ್ ಅಂತೂ ಗಂಡನಿಗೂ ಹೇಳಬೇಡಿ ಅನ್ನುವವನು ನಾನು.

ನನ್ನನ್ನೇ ಕೇಳಿದರೆ, ಮೊದಲು ಊರಿನ ಹುಡುಗಿ. ನಿಮ್ಮ ಪತ್ರ ಓದಿದರೆ ಬಲಗಡೆಯ ಗೀಟುಗಳೇ ಜಾಸ್ತಿ ಬರುತ್ತವೆ ಅನ್ನಿಸುತ್ತದೆ. ಮಾರ್ಚ್, ಏಪ್ರಿಲ್‌ನ ಮಿಡಿ ಸೀಸನ್ನಿನಲ್ಲಿ ಅವಳು ನಿಮ್ಮ ಪಕ್ಕದಲ್ಲೇ ಇರಲಿ. ಸೊನೆ ಅಂದರೇನು, ಉಪ್ಪು ಎಷ್ಟು ದಿನ ಅಂತ ಕಣ್ಣಾರೆ ನೋಡಲಿ. ಗಿರಾಕಿಗಳು ಕೇಳುವ ಪ್ರಶ್ನೆಗಳನ್ನೂ ಉತ್ತರಗಳನ್ನೂ ಅವಳ ಕೈಯಲ್ಲೇ ಬರೆಸಿ. ಆ ಪುಸ್ತಕ ತುಂಬಿದ ಮೇಲೆ ಬೆಂಗಳೂರಿನವಳನ್ನು ಕರೆಯಿರಿ, ಬರೀ ಸಂಜೆ 7ರಿಂದ 9ಕ್ಕೆ. ದೀಪಾವಳಿ ಆರ್ಡರ್ ಶುರುವಾಗುವಾಗ ನಿಮ್ಮ ನಾಲ್ವರಲ್ಲಿ ಇಬ್ಬರಾದರೂ ಅಡಿಕೆ ಸುಲಿಯಲು ಹೋಗಿರುತ್ತಾರೆ, ನೀವೇ ಪ್ಯಾಕಿಂಗಿಗೆ ಕೂತಿರುತ್ತೀರಿ. ಆ ಎರಡು ಗಂಟೆ ಆಗ ನಿಜಕ್ಕೂ ಬೇಕಾಗುತ್ತದೆ.

ಅಂದಹಾಗೆ, ಪತ್ರದ ಜೊತೆ ಕಳಿಸಿದ ಮಿಡಿ ಬಾಟಲಿ ತಲುಪಿತು. ಕಚೇರಿಯಲ್ಲಿ ಎರಡೇ ದಿನಕ್ಕೆ ಖಾಲಿ. ಆದರೆ ಮುಚ್ಚಳ ಸಡಿಲವಾಗಿ ರಸ ಸೋರಿತ್ತು. ಪತ್ರದ ಮೂರನೇ ಹಾಳೆ ಪೂರಾ ನೆಂದು ಹೋಗಿ ಓದಲಿಕ್ಕೇ ಬರಲಿಲ್ಲ. ಅದರಲ್ಲಿ ಇನ್ನೇನಾದರೂ ಕೇಳಿದ್ದರೆ ಮತ್ತೊಮ್ಮೆ ಬರೆಯಿರಿ, ಬಾಟಲಿಯನ್ನು ಬೇರೆ ಡಬ್ಬದಲ್ಲಿ ಹಾಕಿ.

– ಸಂ.