ಹಾಲು ಕುಡಿದರೆ ಹೊಟ್ಟೆ ಗುಡುಗುಡು, ಮಜ್ಜಿಗೆಗೆ ಮಾತ್ರ ತಕರಾರಿಲ್ಲ

ಪ್ರಶ್ನೆ: ವಯಸ್ಸು 34, ಮದ್ದೂರಿನ ಹತ್ತಿರದ ಹಳ್ಳಿ. ಮನೆಯಲ್ಲೇ ಕರೆಯುವ ಹಸು ಇದೆ. ಚಿಕ್ಕವನಿದ್ದಾಗ ಎಷ್ಟು ಹಾಲು ಕುಡಿದರೂ ಅರಗುತ್ತಿತ್ತು. ಈಗ ಒಂದು ದೊಡ್ಡ ಲೋಟ ಕುಡಿದರೆ ಎರಡು ಗಂಟೆಯೊಳಗೆ ಹೊಟ್ಟೆ ಉಬ್ಬರ, ಭೇದಿ. ಕಾಫಿ, ಮಜ್ಜಿಗೆಯಿಂದ ಏನೂ ಆಗುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಪಂಜಾಬಿನವರು ಅರ್ಧ ಲೀಟರ್ ಕುಡಿದು ಆರಾಮಾಗಿರುತ್ತಾರೆ. ನಾಟಿ ಹಸುವಿನ ಹಾಲಿಗೆ ಬದಲಾಯಿಸಲೇ?

ಉತ್ತರ: ಬದಲಾಯಿಸಿ ಪ್ರಯೋಜನವಿಲ್ಲ. ಹಳ್ಳಿಕಾರ್ ಇರಲಿ, ಜರ್ಸಿ ಇರಲಿ, ಎಮ್ಮೆ ಇರಲಿ, 100 ಮಿ.ಲೀ. ಹಾಲಿನಲ್ಲಿ ಹೆಚ್ಚುಕಡಿಮೆ 5 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಇದ್ದೇ ಇರುತ್ತದೆ. ನಾಟಿ ಹಸುವಿನ ಹಾಲಿಗೆ ಹೇಳುವ ‘ಎ2’ ಎನ್ನುವುದು ಪ್ರೋಟೀನಿನ ವ್ಯತ್ಯಾಸ, ಸಕ್ಕರೆಯದ್ದಲ್ಲ. ಕಾಯಿಸಿದರೂ ಲ್ಯಾಕ್ಟೋಸ್ ಹೋಗುವುದಿಲ್ಲ.

ಈ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಣ್ಣ ಕರುಳಿನಲ್ಲಿರುತ್ತದೆ. ಎದೆಹಾಲು ಬಿಟ್ಟ ಮೇಲೆ ಅದು ಕ್ರಮೇಣ ಇಳಿಯುವುದೇ ಮನುಷ್ಯನ ಮೂಲ ಸ್ವಭಾವ. ಜಗತ್ತಿನ ಮೂರನೇ ಎರಡರಷ್ಟು ದೊಡ್ಡವರ ಸ್ಥಿತಿ ಇದೇ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ನೀರೆಳೆದುಕೊಳ್ಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಆ ಗುಡುಗುಡು ಅದೇ.

ನಿಮ್ಮ ಪಂಜಾಬಿ ಸ್ನೇಹಿತರಿಗೆ ಬಹುಶಃ ಆ ಕಿಣ್ವ ನಿಂತಿಲ್ಲ. ಅದಕ್ಕೆ ಕಾರಣವಾದ ಒಂದಕ್ಷರದ ಜೀನ್ ಬದಲಾವಣೆಯನ್ನು 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಗುರುತಿಸಿದರು. ಯುರೋಪಿನವರಲ್ಲಿರುವ ಈ ಬದಲಾದ ರೂಪವೇ ಭಾರತದಲ್ಲೂ ಇದೆ: ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಆದರೆ ಬರೀ ದಿಕ್ಕು ನೋಡಿ ಹೇಳುವಂತಿಲ್ಲ. ಗುಡ್ಲುಪೇಟೆ ದಾಟಿ ನೀಲಗಿರಿ ಹತ್ತಿದರೆ ಸಿಗುವ ತೋಡರು ಎಮ್ಮೆ ಸಾಕಿ ಬದುಕಿದವರು, ಅವರಲ್ಲಿ ಈ ರೂಪ ಸಾಕಷ್ಟಿದೆ. ಕೀನ್ಯಾ, ತಾಂಜಾನಿಯಾದ ದನಗಾಹಿಗಳಲ್ಲಿ, ಒಂಟೆ ಹಾಲಿನ ಅರಬರಲ್ಲಿ ಬೇರೆ ಬೇರೆ ಬದಲಾವಣೆಗಳು ಅದೇ ಕೆಲಸ ಮಾಡುತ್ತವೆ. ಮಂಗೋಲಿಯಾದವರ ಕಥೆ ಇನ್ನೂ ಮಜಾ: ಬಹುತೇಕರಿಗೆ ಕಿಣ್ವವಿಲ್ಲ, ಆದರೂ ಹುಳಿ ಬರಿಸಿದ ಕುದುರೆ ಹಾಲು ಕುಡಿದೇ ಬಾಳುತ್ತಾರೆ.

ನಿಮ್ಮ ಮಜ್ಜಿಗೆಯ ಗುಟ್ಟೂ ಅದೇ. ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ಲ್ಯಾಕ್ಟೋಸ್ ತಿಂದುಬಿಡುತ್ತವೆ, ಉಳಿದದ್ದನ್ನು ಕರುಳಿನಲ್ಲಿ ತಮ್ಮದೇ ಕಿಣ್ವದಿಂದ ಒಡೆಯುತ್ತವೆ. ಮಜ್ಜಿಗೆ ಹುಳಿ ಕುದಿಸಿದಾಗ ಈ ಎರಡನೇ ಲಾಭ ಇಲ್ಲ. ಇನ್ನು ಕಾಫಿಗೆ ಬೀಳುವ 40 ಮಿ.ಲೀ. ಹಾಲಿನಲ್ಲಿ 2 ಗ್ರಾಂ ಲ್ಯಾಕ್ಟೋಸ್. ಹೆಚ್ಚಿನವರು ಒಂದೇ ಸಲಕ್ಕೆ 12 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ. ನಿಮ್ಮ ದೊಡ್ಡ ಲೋಟ 300 ಮಿ.ಲೀ. ಇದ್ದರೆ ಅದು 15 ಗ್ರಾಂ.

ಎರಡು ವಾರ ಹಾಲು, ಖೋವಾ, ಪೇಡ ಬಿಡಿ. ಖೋವಾ ಎಂದರೆ ಬತ್ತಿಸಿದ ಹಾಲು, ಲ್ಯಾಕ್ಟೋಸ್ ಅದರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ತುಪ್ಪ, ಕಡಲೆಹಿಟ್ಟು, ಸಕ್ಕರೆಯ ಮೈಸೂರು ಪಾಕಿಗೆ ಈ ದೋಷವಿಲ್ಲ. ಆಮೇಲೆ ಊಟದ ಜೊತೆಗೆ 100 ಮಿ.ಲೀ. ಹಾಲು ಮೂರು ದಿನ, ನಂತರ 150, ನಂತರ 200. ತೊಂದರೆ ಶುರುವಾದ ಅಳತೆಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಬರಿಹೊಟ್ಟೆಗೆ ಬೇಡ.

ಹಾಲು ಬಿಟ್ಟರೂ ಭೇದಿ ನಿಲ್ಲದಿದ್ದರೆ, ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ ಇದು ಲ್ಯಾಕ್ಟೋಸ್ ವಿಷಯವಲ್ಲ, ತಡಮಾಡದೆ ವೈದ್ಯರಿಗೆ ತೋರಿಸಿ. ಹಾಲು ಕುಡಿದೊಡನೆ ಮೈಮೇಲೆ ದದ್ದು, ತುಟಿ ಊತ ಬಂದರೆ ಅದು ಅಲರ್ಜಿ. ಅಂಥವರು ಅಳತೆಯ ಪ್ರಯೋಗಕ್ಕೆ ಕೈಹಾಕಲೇಬಾರದು.