ಮೂರನೇ ಪುಸ್ತಕದ ಎರಡನೇ ಭಾಗ ಹಿಡಕೊಂಡು ಕುಂತವ್ರಿಗೆ

ಅಣ್ಣಾರ, ಬೆಳಗಾವಿ ಹಳೇ ಪುಸ್ತಕದ ಪ್ರದರ್ಶನದಾಗ ‘ಬ್ಲಡ್ ಆ್ಯಂಡ್ ಗೋಲ್ಡ್’ ಸಿಕ್ತು, ನೂರು ಪುಟ ಓದೀನಿ, ಯಾರು ಯಾರ ಕಡೆಯವರು ಅಂತ ತಿಳೀವಲ್ದು, ಮುಂದ ಹೋದಂಗ ತಿಳೀತೈತೇನು ಅಂತ ಕೇಳೀರಿ. ತಿಳಿಯೂದಿಲ್ಲ. ಇವತ್ತೇ ಮುಚ್ಚಿಡ್ರಿ. ಇದೇ ತಪ್ಪು ನಮ್ಮ ಈ ಓದುಗರ ಗುಂಪಿನ್ಯಾಗ ಮತ್ತ ಮತ್ತ ಆಗಾಕತ್ತೈತಿ, ಅದಕ್ಕ ಉದ್ದ ಬರೀತೀನಿ.

ಅದು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಇಂಗ್ಲಿಷ್ ಫ್ಯಾಂಟಸಿ ಸರಣಿ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ದ ಮೂರನೇ ಕಾದಂಬರಿ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ದ ಹಿಂದಿನ ಅರ್ಧ. ಹಾರ್ಪರ್ ವಾಯೇಜರ್ ಪ್ರಕಾಶನದ ಪೇಪರ್‌ಬ್ಯಾಕಿನ್ಯಾಗ ಮೂರನೇದು, ಐದನೇದು ಎರಡೆರಡು ಹೋಳು ಮಾಡ್ಯಾರ. ಅದಕ್ಕ ಐದು ಕಾದಂಬರಿ ಏಳು ಪುಸ್ತಕ ಆಗ್ತಾವ. ‘ಸ್ಟೀಲ್ ಆ್ಯಂಡ್ ಸ್ನೋ’ ಮೊದಲ ಅರ್ಧ, ನಿಮ್ಮದು ಎರಡನೇದು. ಮೊದಲ ಎರಡು ಕಾದಂಬರಿಯ 143 ಅಧ್ಯಾಯ, ಮ್ಯಾಲೆ ಮೂರನೇದರ ಅರ್ಧ, ಇಷ್ಟು ಬಿಟ್ಟು ನೀವು ಒಳಗ ಹೊಕ್ಕೀರಿ. ಇಡೀ ಸರಣಿಯ ದೊಡ್ಡ ದೊಡ್ಡ ಪೆಟ್ಟು ಬೀಳೂದು ಅಲ್ಲೇ. ಆ ಮನುಷ್ಯಾ ಯಾರು ಅಂತ ಗೊತ್ತಿಲ್ಲದ ಅವನ ಸಾವು ಓದಿದ್ರ ಏನೂ ಅನಸೂದಿಲ್ಲ, ಮುಂದ ಮೊದಲಿಂದ ಓದಾಕ ಕುಂತಾಗ ಅವನು ಸಾಯ್ತಾನ ಅನ್ನೂದೂ ಗೊತ್ತಿರ್ತೈತಿ. ಎರಡೂ ಕಡೆ ನಷ್ಟ.

ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟ ಒಬ್ಬರು “ಮಹಾಭಾರತ ಎಲ್ಲಿಂದ ಹಿಡಿದ್ರೂ ತಿಳೀತೈತಿ, ಹಂಗ ಇದೂ” ಅಂದಾರ. ಅಲ್ಲರೀ. ನಡುರಾತ್ರಿ ಬಯಲಾಟಕ್ಕ ಹೋಗಿ ಕುಂತ್ರೂ ನಮಗ ತಿಳಿಯೂದು ಯಾಕಂದ್ರ ಕೀಚಕ ಯಾರು, ದ್ರೌಪದಿ ಯಾಕ ಅಲ್ಲಿ ದಾಸಿ ಆಗ್ಯಾಳ ಅನ್ನೂದು ಸಣ್ಣಾಗಿದ್ದಾಗಿಂದ ಕಿವಿಮ್ಯಾಲೆ ಬಿದ್ದೈತಿ. ಈ ಸರಣಿಯ ಕಲ್ಪಿತ ನಾಡು ವೆಸ್ಟರೋಸ್, ಅದರ ಕಥಿ ನಮಗ ಯಾರು ಹೇಳ್ಯಾರ? ಹೊಸಬರಿಗೆ ಇಂಥಾ ಸಲಹೆ ಕೊಡಬ್ಯಾಡ್ರಿ.

ಸರಣಿಯ ಮೊದಲನೇ ಪುಸ್ತಕ, 1996ರ ‘ಎ ಗೇಮ್ ಆಫ್ ಥ್ರೋನ್ಸ್’ ತರ್ರಿ. ಪ್ರಾಲಾಗ್ (ಶುರುವಿನ ಪೀಠಿಕೆ ಅಧ್ಯಾಯ) ಸೇರಿ 73 ಅಧ್ಯಾಯ, ದಿನಾ ಎರಡು ಓದಿದ್ರ ಐದು ವಾರದ ಮ್ಯಾಲೆ ಒಂದೆರಡು ದಿನ. ಪ್ರಾಲಾಗ್ ಬಿಟ್ರ ಪಿಓವಿ, ಅಂದ್ರ ಯಾರ ಕಣ್ಣಿಂದ ಕಥಿ ಹೇಳ್ತಾರೋ ಅದು, ಬರೇ ಎಂಟು ಮಂದಿದು, ಅಧ್ಯಾಯದ ಹೆಸರೇ ಆ ಪಾತ್ರದ ಹೆಸರು. ಅದಕ್ಕ ಮೊದಲನೇದು ಹೊಸಬರಿಗೆ ಹಗುರ. ಮುಂದ ಪಿಓವಿ ಬೆಳೀತಾವ, ನಾಲ್ಕನೇದಕ್ಕ ಬಂದ್ರ ಅಧ್ಯಾಯದ ಹೆಸರೂ ಕೆಲವು ಕಡೆ ‘ದಿ ಪ್ರಾಫೆಟ್’ ಅಂತ ಬಿರುದಾಗಿ ಬದಲಾಗ್ತಾವ.

ಈಗ ಯಾರು ಯಾರ ಕಡೆ ಅಂತ ಬರ್ಕೊಳ್ಳೂ ವಹಿ. ಇದನ್ನ ಮಾತ್ರ ಬಿಡಬ್ಯಾಡ್ರಿ. ನೂರು ಪುಟದ ಒಂದು ವಹಿ, ಒಂದು ಪೆನ್ಸಿಲ್. ಪೆನ್ ಬ್ಯಾಡ, ನಿಷ್ಠೆ ಬದಲಾಗ್ತಾವ, ಅಳಿಸಬೇಕಾಗ್ತೈತಿ. ಒಂದೊಂದು ಮನೆತನಕ್ಕ ಎರಡು ಪುಟ. ನಾಲ್ಕು ಕಾಲಂ: ಹೆಸರು, ಯಾರ ಮಗ ಇಲ್ಲಾ ಯಾರ ಬಂಟ, ಕಡೀಕ ಎಲ್ಲಿ ಕಂಡ, ಪುಟಸಂಖ್ಯೆ. ಎಲ್ಲಾ ಹೆಸರು ಬರ್ಕೊಂತ ಕುಂತ್ರ ಮೂರನೇ ದಿನಕ್ಕ ವಹಿ ಮೂಲಿಗೆ ಬೀಳ್ತೈತಿ. ಎರಡನೇ ಸಲ ಬಂದ ಹೆಸರು ಮಾತ್ರ ಬರೀರಿ. ಒಂದೇ ಹೆಸರಿನವರಿಗೆ ಗೆರಿ ಹೊಡೀರಿ: ಜಾನ್ ಸ್ನೋ, ಜಾನ್ ಆ್ಯರಿನ್ ಬ್ಯಾರೆ. ರಾಜಾ ರಾಬರ್ಟ್ ಒಬ್ಬ, ಆ್ಯರಿನ್ ಮನೆತನದ ಹುಡುಗ ರಾಬರ್ಟ್ ಇನ್ನೊಬ್ಬ, ರಾಬ್ ಸ್ಟಾರ್ಕ್ ಮತ್ತೊಬ್ಬ. ಸ್ನೋ ಅನ್ನೂದು ಮನೆತನ ಅಲ್ಲ, ಉತ್ತರದಾಗ ಲಗ್ನದಾಚೆ ಹುಟ್ಟಿದ ಸರದಾರರ ಮಕ್ಕಳಿಗೆ ಇಡೂ ಅಡ್ಡಹೆಸರು. ಡೋರ್ನ್‌ನ್ಯಾಗ ಸ್ಯಾಂಡ್, ನದಿ ಸೀಮಿಯೊಳಗ ರಿವರ್ಸ್, ವೇಲ್‌ನ್ಯಾಗ ಸ್ಟೋನ್. ಇದಿಷ್ಟು ಮೊದಲ ಪುಟದಾಗ ಬರೀರಿ. ಅದರ ಕೆಳಗ ಇನ್ನೊಂದು ಸಾಲು: ಕಥಿ ಶುರು ಆಗೂದಕ್ಕ ಸುಮಾರು 15 ವರ್ಷದ ಹಿಂದ ಈ ರಾಜಾ ರಾಬರ್ಟ್ ದಂಗೆ ಎದ್ದು ಟಾರ್ಗೇರಿಯನ್ ರಾಜಮನೆತನದ ರಾಜ್ಯ ಕೆಡವಿದ. ಹಳೇ ಸಿಟ್ಟಿನ ಮಾತು ಬಂದ್ರ ಹೆಚ್ಚಾಗಿ ಅದರ ಬಗ್ಗೇನ.

ಪುಸ್ತಕದ ಹಿಂದ ಮನೆತನಗಳ ಪಟ್ಟಿ ಇರ್ತೈತಿ. ನೀವು ಓದೂ ಪುಸ್ತಕದ್ದು ಮಾತ್ರ ನೋಡ್ರಿ, ಮುಂದಿನದರ ಪಟ್ಟಿಯೊಳಗ ಹಿಂದಿನದರಾಗ ಯಾರು ಸತ್ರು ಅನ್ನೂದು ಇರ್ತೈತಿ. ಫೋನಿನ್ಯಾಗ ಹೆಸರು ಹುಡುಕೂದಂತೂ ಬ್ಯಾಡೇ ಬ್ಯಾಡ. ಪೂರ್ತಿ ಹೆಸರು ಹೊಡಿಯೂದರೊಳಗ ಸಾವಿನ ಸುದ್ದಿ ಕೆಳಗ ಬಂದು ನಿಂತಿರ್ತೈತಿ.

ಇದರ ಮ್ಯಾಲೆ ಮಾಡಿದ ‘ಗೇಮ್ ಆಫ್ ಥ್ರೋನ್ಸ್’ ಟಿವಿಯೊಳಗ ನೋಡೀನಿ, ನಾಲ್ಕನೇ ಪುಸ್ತಕದಿಂದ ಹಿಡೀಲೇನು ಅಂತ ಕೇಳಾವ್ರಿಗೂ ಇದೇ ಉತ್ತರ. ಮೊದಲ ಸೀಸನ್ ಮೊದಲ ಪುಸ್ತಕಕ್ಕ ಹತ್ತರ, ಮೂರನೇ ಪುಸ್ತಕ ಹೆಚ್ಚುಕಡಿಮಿ ಮೂರು, ನಾಲ್ಕನೇ ಸೀಸನ್‌ಗೆ ಹಂಚಿ ಹೋಗೈತಿ, ಆಮ್ಯಾಲೆ ದಾರಿ ಬ್ಯಾರೆ. 2005ರ ‘ಎ ಫೀಸ್ಟ್ ಫಾರ್ ಕ್ರೋಸ್’ ತಗದು ನೋಡಿದ್ರ ಮುಖ್ಯ ಪಾತ್ರಗಳಾದ ಟಿರಿಯನ್, ಡನೇರಿಸ್ ಸಿಗೂದೇ ಇಲ್ಲ. ಅವರ ಕಥಿ 2011ರ ‘ಎ ಡಾನ್ಸ್ ವಿತ್ ಡ್ರ್ಯಾಗನ್ಸ್’ದಾಗ, ಹೆಚ್ಚಿನ ಭಾಗ ಅದೇ ಕಾಲದಾಗ ನಡೀತೈತಿ. ಎರಡೂ ಕಲಸಿ ಓದೂ ಅಧ್ಯಾಯದ ಪಟ್ಟಿ ತಿರಗಾಡ್ತಾವ, ಅವು ಎರಡನೇ ಓದಿಗೆ. ಮೊದಲ ಸಲ ಬಂದ ಕ್ರಮದಾಗೇ ಓದ್ರಿ. ಐದನೇದು ಮುಗಿದ ಮ್ಯಾಲೆ ಆರನೇದಕ್ಕ ಎಲ್ಲಾರೂ ಕಾಯಾಕತ್ತಾರ, ಇದನ್ನ ತಿಳಕೊಂಡೇ ರೊಕ್ಕ ಹಾಕ್ರಿ.

ಫುಟ್‌ಪಾತಿನ ನಕಲಿ ಪ್ರತಿ ತಗೋಬ್ಯಾಡ್ರಿ. ನಕಾಶಿ ಮಸಕಾಗಿರ್ತೈತಿ, ಪುಟ ಬಿಟ್ಟಿರ್ತಾವ. ಹಳೇ ಪುಸ್ತಕ ಆದ್ರ ಅಂಗಡ್ಯಾಗೇ ನಿಂತು ನಕಾಶಿ, ಹಿಂದಿನ ಪಟ್ಟಿ, ನಡುವಿನ ಪುಟಸಂಖ್ಯೆ ನೋಡ್ರಿ. ಅಕ್ಷರ ಸಣ್ಣು, ಕಣ್ಣಿಗೆ ತ್ರಾಸ ಇದ್ದವ್ರು ಕಿಂಡಲ್ ಹಿಡೀರಿ. ಇಂಗ್ಲಿಷ್ ಶಬ್ದ ಒತ್ತಿದ್ರ ಅರ್ಥ ಬರ್ತೈತಿ, ನಮ್ಮಂಥ ಕನ್ನಡ ಮೀಡಿಯಂ ಮಂದಿಗೆ ಅದು ದೊಡ್ಡ ಅನುಕೂಲ.

ಬ್ಯಾರೆ ಫ್ಯಾಂಟಸಿ ಸರಣಿ ಎಲ್ಲಿಂದ ಓದೂದು ಅಂತ ಕೇಳಿದವ್ರಿಗೆ: ‘ವಿಚರ್’ಗೆ ‘ದಿ ಲಾಸ್ಟ್ ವಿಶ್’, ‘ಸೋರ್ಡ್ ಆಫ್ ಡೆಸ್ಟಿನಿ’ (ಇವೆರಡೂ ಸಣ್ಣ ಕಥಿಯವು), ಆಮ್ಯಾಲೆ ಕಾದಂಬರಿ ‘ಬ್ಲಡ್ ಆಫ್ ಎಲ್ವ್ಸ್’. ಇಂಗ್ಲಿಷಿಗೆ ಎರಡನೇದು 2015ಕ್ಕ ಬಂತು, ಮೂರನೇದು ಅದಕ್ಕಿಂತ ಮೊದಲೇ, ಹಿಂಗಾಗಿ ಮಂದಿ ಸಣ್ಣ ಕಥಿ ಬಿಟ್ಟು ಕಾದಂಬರಿಗೆ ಜಿಗೀತಾರ, ಮುಖ್ಯ ಪಾತ್ರಗಳಾದ ಗೆರಾಲ್ಟ್‌ಗೂ ಸಿರಿಗೂ ಏನು ನಂಟು ಅಂತ ತಿಳಿಯೂದಿಲ್ಲ. ‘ವೀಲ್ ಆಫ್ ಟೈಮ್’ದ ‘ನ್ಯೂ ಸ್ಪ್ರಿಂಗ್’ ಹಿಂದಿನ ಕಥಿ ಅಂತ ಅಲ್ಲಿಂದ ಶುರು ಮಾಡಬ್ಯಾಡ್ರಿ, 1990ರ ‘ದಿ ಐ ಆಫ್ ದ ವರ್ಲ್ಡ್’ ಹಿಡೀರಿ. ನಡುವಿಂದ ಓದಬೇಕು ಅನ್ನೂ ಹಟ ಇದ್ರ ‘ಡಿಸ್ಕ್‌ವರ್ಲ್ಡ್’ ಐತಿ, 41 ಕಾದಂಬರಿ, ಎಂಟನೇದು ‘ಗಾರ್ಡ್ಸ್! ಗಾರ್ಡ್ಸ್!’ದಿಂದ ಹೊಕ್ರ ಏನೂ ತೊಂದ್ರಿ ಇಲ್ಲ.

ಅಣ್ಣಾರ, ತಂದ ಪುಸ್ತಕ ಮಾರಬ್ಯಾಡ್ರಿ, ಬೇಕಾಗ್ತೈತಿ. ಪುಸ್ತಕದ ಹಿಂಬದಿ ಇರೂ ಬರಹ ಕಣ್ಣಿಗೆ ಬೀಳದಂಗ ಖಾಕಿ ರಟ್ಟು ಹಾಕಿ ಇಡ್ರಿ. ಇಲ್ಲಿ ಪ್ರಶ್ನೆ ಕೇಳೂ ಮುಂದ ಎಷ್ಟನೇ ಪುಸ್ತಕ, ಯಾರ ಹೆಸರಿನ ಅಧ್ಯಾಯದ ತನಕ ಆಗೈತಿ ಅಂತ ಮೊದಲ ಸಾಲಿನ್ಯಾಗೇ ಹಾಕ್ರಿ, ಅದರ ಮುಂದಿನದು ನಾವು ಬಾಯಿ ಬಿಡೂದಿಲ್ಲ.